ರೈಫಲ್ ಕೊಳ್ಳುವುದೋ, ಜೋಡಿಸುವುದೋ? ಅಮೆರಿಕದ ಕನ್ನಡಿಗರು ಮೊದಲು ನೋಡಬೇಕಾದ ಕಾನೂನು

ಅಮೆರಿಕದಲ್ಲಿ ಎಆರ್-15 ಮಾದರಿಯ ಸೆಮಿ-ಆಟೋಮ್ಯಾಟಿಕ್ ರೈಫಲ್ ಮನೆಗೆ ಬರುವುದಕ್ಕೆ ಎರಡು ದಾರಿ. ಅಂಗಡಿಗೆ ಹೋಗಿ ಪೂರ್ತಿ ತಯಾರಾದದ್ದನ್ನೇ ಕೊಳ್ಳುವುದು ಒಂದು. ಬಿಡಿಭಾಗ ತರಿಸಿಕೊಂಡು ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳುವುದು ಇನ್ನೊಂದು. ಶೂಟಿಂಗ್ ರೇಂಜ್‌ಗಳಲ್ಲಿ ಈ ಬಗ್ಗೆ ನಡೆಯುವ ಮಾತೆಲ್ಲ ದುಡ್ಡು, ಗುರಿ, ಮನಸ್ಸಿಗೊಪ್ಪುವ ಟ್ರಿಗರ್ ಇವುಗಳ ಸುತ್ತಲೇ. ಡಲ್ಲಾಸ್‌ನಲ್ಲೋ ಫೀನಿಕ್ಸ್‌ನಲ್ಲೋ ನೌಕರಿಯಲ್ಲಿರುವ ಕನ್ನಡಿಗ ಆ ಮಾತಿಗೆ ಕಿವಿಗೊಡುವ ಮೊದಲು ತನ್ನ ವೀಸಾ ಯಾವುದೆಂದು ನೋಡಿಕೊಳ್ಳಬೇಕು.

ಎಚ್-1ಬಿ, ಎಲ್-1, ಎಫ್-1 ಇವೆಲ್ಲ ವಲಸಿಗರಲ್ಲದವರ ವೀಸಾಗಳು. ಇಂಥ ವೀಸಾದ ಮೇಲೆ ದೇಶದೊಳಗೆ ಬಂದವರು ಬಂದೂಕನ್ನಾಗಲಿ, ಒಂದೇ ಒಂದು ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಒಕ್ಕೂಟದ ಕಾನೂನು. ತಪ್ಪಿದರೆ 15 ವರ್ಷದವರೆಗೆ ಜೈಲು. ಇದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಸಾಮಾನ್ಯ ನೌಕರನ ಕೈಗೆಟುಕುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಬೇಟೆಯ ಲೈಸೆನ್ಸ್. ಅದು ಚಾಲ್ತಿಯಲ್ಲಿರಬೇಕು. ಬೇಟೆಯಾಡುವ ಹಂಬಲವೇ ಇಲ್ಲದ ಎಂಜಿನಿಯರುಗಳು ಜಿಂಕೆ ಬೇಟೆಯ ಲೈಸೆನ್ಸ್ ಮಾಡಿಸುವುದು ಈ ಕಾರಣಕ್ಕೇ. ಅಂಗಡಿಯವನು ಲೈಸೆನ್ಸ್ ನೋಡಿ ರೈಫಲ್ ಕೊಡುತ್ತಾನೆ. ಮುಂದಿನ ವರ್ಷ ನವೀಕರಿಸಲು ಮರೆತರೆ ಮಾತ್ರ, ಬೀರುವಿನಲ್ಲಿ ಸುಮ್ಮನೆ ಮಲಗಿದ್ದ ರೈಫಲ್ಲೇ ಅಪರಾಧದ ವಸ್ತುವಾಗುತ್ತದೆ. ಅದನ್ನು ಕೊಂಡದ್ದೋ ಜೋಡಿಸಿದ್ದೋ ಎಂದು ಆಗ ಯಾರೂ ಕೇಳುವುದಿಲ್ಲ.

ಸ್ವಂತ ಬಂದೂಕೇ ಇಲ್ಲದಿದ್ದರೂ ಸಿಕ್ಕಿಬೀಳಬಹುದು. ಫ್ಲಾರಿಡಾದಲ್ಲಿ ಓದಲು ಬಂದಿದ್ದ ವಿದೇಶಿ ವಿದ್ಯಾರ್ಥಿಯೊಬ್ಬನನ್ನು ಕಾಲೇಜು ಕೈಬಿಟ್ಟಿತು; ಅದರೊಂದಿಗೆ ವಿದ್ಯಾರ್ಥಿ ವೀಸಾದ ಬಲವೂ ಹೋಯಿತು. ಆಮೇಲೆ ಅವನು ಶೂಟಿಂಗ್ ರೇಂಜಿಗೆ ಹೋಗಿ ಗುಂಡು ಹಾರಿಸಿದ್ದಕ್ಕೆ ಮೊಕದ್ದಮೆ ಬಿತ್ತು. ಅದೇ ರೆಹೈಫ್ ಪ್ರಕರಣ. ತನ್ನ ಸ್ಥಾನಮಾನ ಏನೆಂಬುದು ಆರೋಪಿಗೆ ಗೊತ್ತಿತ್ತು ಎಂದು ಸರ್ಕಾರ ಸಾಬೀತು ಮಾಡಬೇಕು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದರಿಂದ ಆರೋಪಿಗೆ ಒಂದಿಷ್ಟು ರಕ್ಷಣೆ ಸಿಕ್ಕಿತು, ನಿಷೇಧವೇನೂ ತೆರವಾಗಲಿಲ್ಲ.

ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ಅವರಿಗಿರುವ ಅಪಾಯವೇ ಬೇರೆ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು. ಪ್ರಜೆಗೆ ಶಿಕ್ಷೆಯ ಜೊತೆ ಮುಗಿಯುವ ತಪ್ಪು, ವಲಸಿಗನ ಮನೆ ಮಠವನ್ನೇ ಕಿತ್ತುಹಾಕಬಲ್ಲದು.

ಅಂಗಡಿಯಲ್ಲಿ ಕೊಳ್ಳುವಾಗ ತುಂಬಬೇಕಾದದ್ದು 4473 ಎಂಬ ಫಾರಂ. ಹೆಸರು, ವಿಳಾಸ, ಪೌರತ್ವ, ಆಮೇಲೆ ಸಾಲು ಸಾಲು ಹೌದು-ಇಲ್ಲ ಪ್ರಶ್ನೆಗಳು: ಬಂದೂಕು ನಿಮಗಾಗಿಯೇ ಕೊಳ್ಳುತ್ತಿದ್ದೀರಾ, ನಿಮ್ಮ ಮೇಲೆ ಮೊಕದ್ದಮೆ ಇದೆಯೇ, ಗಾಂಜಾ ಸೇವಿಸುತ್ತೀರಾ, ವಲಸಿಗರಲ್ಲದವರ ವೀಸಾದ ಮೇಲೆ ಬಂದಿದ್ದೀರಾ. ಗಾಂಜಾ ತಮ್ಮ ರಾಜ್ಯದಲ್ಲಿ ಕಾನೂನುಬದ್ಧ ಎಂಬ ನೆಪ ಇಲ್ಲಿ ನಡೆಯದು. ಫಾರಮ್ಮಿನಲ್ಲೇ ಆ ಎಚ್ಚರಿಕೆ ಅಚ್ಚಾಗಿದೆ. ಅವಸರದಲ್ಲಿ ಅಮೆರಿಕದ ಪ್ರಜೆ ಎಂಬ ಚೌಕಕ್ಕೆ ಗುರುತು ಹಾಕುವುದಂತೂ ಗ್ರೀನ್ ಕಾರ್ಡ್ ಇದ್ದವರು ಮಾಡಬಹುದಾದ ಅತಿ ದುಬಾರಿ ತಪ್ಪು. ಪೌರತ್ವದ ಸುಳ್ಳು ಹಕ್ಕುದಾರಿಕೆಯೇ ಗಡೀಪಾರಿಗೆ ಪ್ರತ್ಯೇಕ ಕಾರಣ.

ಮೊದಲ ಪ್ರಶ್ನೆಯನ್ನು ಹಗುರವಾಗಿ ಕಂಡವರಿಗೆ ವರ್ಜೀನಿಯಾದ ಅಬ್ರಾಮ್‌ಸ್ಕಿ ಪ್ರಕರಣವಿದೆ. ಪೊಲೀಸ್ ಕೆಲಸದಿಂದ ವಜಾಗೊಂಡಿದ್ದ ಅವರು ರಿಯಾಯಿತಿ ದರದಲ್ಲಿ ತಮ್ಮ ಅಂಕಲ್‌ಗಾಗಿ ಪಿಸ್ತೂಲು ಕೊಂಡರು. ಅಂಕಲ್ ಮೊದಲೇ ಕಳಿಸಿದ್ದ 400 ಡಾಲರ್ ಚೆಕ್ಕಿನ ಮೇಲೆ ಪಿಸ್ತೂಲಿನ ಹೆಸರೇ ಬರೆದಿತ್ತು. ಇಬ್ಬರಿಗೂ ಬಂದೂಕು ಹೊಂದುವ ಹಕ್ಕಿತ್ತು. ಆದರೂ ‘ನನಗಾಗಿಯೇ’ ಎಂದು ಫಾರಮ್ಮಿನಲ್ಲಿ ಬರೆದದ್ದು ಸುಳ್ಳು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಎಚ್-1ಬಿ ಗೆಳೆಯನಿಗಾಗಿ ಗ್ರೀನ್ ಕಾರ್ಡ್ ಇದ್ದವರು ತಮ್ಮ ಹೆಸರಲ್ಲಿ ರೈಫಲ್ ತೆಗೆಸಿಕೊಡುವುದು ಇದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. 2022ರ ತಿದ್ದುಪಡಿಯ ಪ್ರಕಾರ ಅದಕ್ಕೆ 15 ವರ್ಷದವರೆಗೆ ಜೈಲಿದೆ.

ಜೋಡಿಸುವ ದಾರಿಯಲ್ಲಿ ಈ ಫಾರಂ ತಪ್ಪುತ್ತದೆ ಎಂದುಕೊಂಡವರು ಬಹಳ ಮಂದಿ. ಹಾಗೇನಿಲ್ಲ. ಎಆರ್-15ರಲ್ಲಿ ಟ್ರಿಗರ್ ಕೂರುವ, ಅಂಗೈಗಿಂತ ತುಸು ದೊಡ್ಡದಾದ ಕೆಳಗಿನ ಲೋಹದ ಕವಚವಿದೆಯಲ್ಲ, ಲೋವರ್ ರಿಸೀವರ್, ಅದನ್ನೇ ಕಾನೂನು ಬಂದೂಕು ಎಂದು ಎಣಿಸುತ್ತದೆ. ಸೀರಿಯಲ್ ನಂಬರ್ ಇರುವುದೂ ಅದರ ಮೇಲೆಯೇ. ಸಾಮಾನ್ಯ ಬ್ಯಾರಲ್, ಹಿಡಿಕೆಗಳು ಒಕ್ಕೂಟದ ಕಾನೂನಿನ ಮಟ್ಟಿಗೆ ಅಂಚೆಯಲ್ಲೂ ಬಂದಾವು. ರಿಸೀವರ್‌ಗೆ ಲೈಸೆನ್ಸ್ ಇರುವ ಡೀಲರ್, ಅದೇ 4473, ಅದೇ ಹಿನ್ನೆಲೆ ತಪಾಸಣೆ. ಇನ್ನೂ ತಮಾಷೆಯೆಂದರೆ, ಪೂರ್ತಿ ರೈಫಲ್ ಕೊಳ್ಳಲು ಒಕ್ಕೂಟದ ಕಾನೂನಿನಲ್ಲಿ 18 ತುಂಬಿದ್ದರೆ ಸಾಕು. ಬರಿಯ ರಿಸೀವರ್ ಕೊಳ್ಳಲು 21 ತುಂಬಿರಬೇಕು.

ಅರೆಬರೆ ತಯಾರಾದ ರಿಸೀವರ್ ಕಿಟ್ ತರಿಸಿ, ನಂಬರ್ ಇಲ್ಲದ ಬಂದೂಕು ಮಾಡಿಕೊಳ್ಳುವ ಇನ್ನೊಂದು ಪರಿಪಾಠವಿತ್ತು. ಸುಲಭವಾಗಿ ಬಂದೂಕಾಗಿಸಬಹುದಾದ ಕಿಟ್‌ಗಳಿಗೂ ನಂಬರ್, ತಪಾಸಣೆ ಬೇಕೆಂದು 2022ರ ನಿಯಮ ಹೇಳಿತು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಬಾಂಡಿ ವಿರುದ್ಧ ವ್ಯಾನ್‌ಡರ್‌ಸ್ಟಾಕ್ ಪ್ರಕರಣದಲ್ಲಿ 7-2ರ ಬಹುಮತದಿಂದ ನಿಯಮವನ್ನು ಎತ್ತಿಹಿಡಿಯಿತು. ಕಾನೂನು ಅಡ್ಡಿಯಿಲ್ಲದವರು ಸ್ವಂತ ಬಳಕೆಗೆ ಬಂದೂಕು ಮಾಡಿಕೊಳ್ಳಲು ಒಕ್ಕೂಟದ ಲೈಸೆನ್ಸ್ ಇಂದಿಗೂ ಬೇಕಿಲ್ಲ. ಮಾರುವ ಉದ್ದೇಶದಿಂದ ಮಾಡಿದರೆ ಬೇಕು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಕೈ ಹಚ್ಚುವ ಮೊದಲೇ ನಂಬರ್ ಪಡೆಯಬೇಕು.

ಜೋಡಿಸುವವನ ತಲೆಯ ಮೇಲೆ ಇನ್ನೆರಡು ಕತ್ತಿಗಳಿವೆ. ರೈಫಲ್ ಬ್ಯಾರಲ್ 16 ಇಂಚಿಗಿಂತ ಗಿಡ್ಡವಾದರೆ ಅದು 1934ರ ಕಾಯ್ದೆಯಡಿ ಮೊದಲೇ ನೋಂದಾಯಿಸಬೇಕಾದ ವಸ್ತು. 2026ರ ಜನವರಿಯಿಂದ ಅದರ 200 ಡಾಲರ್ ತೆರಿಗೆ ಹೋಗಿದೆ, ನೋಂದಣಿ ಹೋಗಿಲ್ಲ. ಇನ್ನು, ಆಮದಿಗೆ ಅನುಮತಿಯಿಲ್ಲದ ಮಾದರಿಯ ರೈಫಲ್ಲನ್ನು ವಿದೇಶಿ ಭಾಗಗಳಿಂದ ಜೋಡಿಸುವುದಾದರೆ, ನಿಯಮ ಪಟ್ಟಿ ಮಾಡಿರುವ 20 ಭಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ವಿದೇಶದ್ದಿರಬಾರದು. ಕಾರ್ಖಾನೆಯಿಂದ ಬಂದ ರೈಫಲ್ಲಿನಲ್ಲಿ ಈ ಲೆಕ್ಕಾಚಾರ ತಯಾರಕನ ತಲೆನೋವು. ವಲಸಿಗರಿಗೆ ಕೊಳ್ಳುವುದೇ ಜಾಣತನ ಎನ್ನಲು ಇಷ್ಟು ಸಾಕು. ಜೋಡಿಸುವುದರಿಂದ ಉಳಿತಾಯವಾಗುವ ಡಾಲರುಗಳು ವಕೀಲರ ಮೊದಲ ಭೇಟಿಗೂ ಸಾಲವು.

ರಾಜ್ಯ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ಸಲೀಸಾಗಿ ಸಿಗುವ ರೈಫಲ್ ನ್ಯೂಜೆರ್ಸಿ, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳಲ್ಲಿ ನಿಷೇಧಿತ ಅಸಾಲ್ಟ್ ವೆಪನ್ ಆಗಬಹುದು. ಪ್ರಾಜೆಕ್ಟ್ ಮುಗಿದೊಡನೆ ಊರು ಬದಲಿಸುವ ಐಟಿ ನೌಕರರು ಸಾಮಾನು ಸಾಗಿಸುವ ಲಾರಿಗೆ ಮೊದಲೇ ಇದನ್ನು ವಿಚಾರಿಸಬೇಕು, ಅದೂ ಬಂದೂಕಿನಂಗಡಿಯವನನ್ನಲ್ಲ, ವಲಸೆ ಕಾನೂನು ಬಲ್ಲ ವಕೀಲರನ್ನು.

ಊರಿಗೆ ಮರಳುವವರು ರೈಫಲ್ ಜೊತೆಗೆ ತರುವ ಆಸೆ ಬಿಡುವುದು ಲೇಸು. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೆಮಿ-ಆಟೋಮ್ಯಾಟಿಕ್ ರೈಫಲ್ ನಿರ್ಬಂಧಿತ ವರ್ಗಕ್ಕೆ ಸೇರಿದೆ. ಮನೆಯಲ್ಲಿ ಜೋಡಿಸುವ ಹವ್ಯಾಸವಂತೂ ಇಲ್ಲಿ ನೇರ ಅಪರಾಧ: ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸಿದರೆ 2019ರ ತಿದ್ದುಪಡಿಯಂತೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ 2029ರವರೆಗೆ ಇದೆ ನಿಜ. ಅದು ಇಟ್ಟುಕೊಳ್ಳುವುದಕ್ಕೆ ಸಿಕ್ಕಿದ್ದೇ ಹೊರತು ತಯಾರಿಸುವುದಕ್ಕಲ್ಲ.

ಹೊರಡುವ ಮುನ್ನ ಲೈಸೆನ್ಸ್ ಇರುವ ಡೀಲರಿಗೇ ರೈಫಲ್ ಮಾರುವುದು ಸುರಕ್ಷಿತ. ನಂಬರ್ ಇಲ್ಲದ ಮನೆತಯಾರಿಕೆಯದಾದರೆ ಡೀಲರ್ ಏಳು ದಿನದೊಳಗೆ ಅದಕ್ಕೆ ನಂಬರ್ ಕೆತ್ತಿಸಬೇಕು. ಆ ಉಸಾಬರಿಯೇ ಬೇಡವೆಂದು ತೆಗೆದುಕೊಳ್ಳದ ಅಂಗಡಿಗಳೂ ಇರುತ್ತವೆ. ಆದ್ದರಿಂದ ವಿಮಾನದ ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ ಈ ಕೆಲಸ ಶುರು ಮಾಡಿ, ಮಾರಿದ ರಸೀದಿಯ ಒಂದು ಪ್ರತಿಯನ್ನು ವಲಸೆ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಬೇಕು.