ಗ್ರಾಫಿಕ್ಸ್ ಕಾರ್ಡಿಲ್ಲದ ಗಣಕದಲ್ಲಿ ಚಿತ್ರಲೇಖನ

ಭದ್ರಾವತಿಯಿಂದ ದಿನವೂ ರೈಲಿನಲ್ಲಿ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಕಳೆದ ವರ್ಷ ನಮ್ಮನ್ನು ಕಾಣಲು ಬಂದರು. ಪ್ರೋಗ್ರಾಮಿನಿಂದ ಚಿತ್ರ ಬರೆಯುವುದನ್ನು ಮಗಳು ಕಲಿಯಬೇಕಾದರೆ ಗ್ರಾಫಿಕ್ಸ್ ಕಾರ್ಡುಳ್ಳ ಹೊಸ ಗಣಕವೇ ಬೇಕೆಂದು ಯಾರೋ ಹೇಳಿದ್ದರಂತೆ; ಅದಕ್ಕಾಗಿ ಸಾಲ ಮಾಡಲು ಅವರು ಸಿದ್ಧರಾಗಿದ್ದರು. ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪೇ ಸಾಕು, ಸಾಲ ಬೇಡವೆಂದೆವು. ಕಾರಣವನ್ನು ಇತರ ತಾಯಿತಂದೆಗಳೂ ತಿಳಿದಿರುವುದೊಳ್ಳೆಯದು.

ತೆರೆಯ ಮೇಲಿನ ಚಿತ್ರವು ರಂಗೋಲಿಯ ಚುಕ್ಕೆಗಳಂತೆ ಬಿಂದುಗಳ ಸಾಲುಗಳಿಂದಾದುದು. ಅಡ್ಡಲಾಗಿ 1024, ಮೇಲಿನಿಂದ ಕೆಳಕ್ಕೆ 768 ಬಿಂದುಗಳಿದ್ದರೆ ಒಟ್ಟು 7,86,432 ಆಗುವುವು. ಎಲ್ಲವನ್ನೂ ಸೆಕೆಂಡಿಗೆ 60 ಬಾರಿ ಬದಲಿಸುವುದಾದರೆ ಸುಮಾರು 4.7 ಕೋಟಿ ಬಿಂದುಗಳಿಗೆ ಬಣ್ಣ ತುಂಬಬೇಕು. ಈ ಭಾರವನ್ನು ಹೊರುವುದಕ್ಕಾಗಿಯೇ ಕಾರ್ಡು ಇರುವುದು. ಆದರೆ ಹುಡುಗಿಯರ ಚಿತ್ರದಲ್ಲಿ ಚಲಿಸತಕ್ಕದ್ದು ಒಂದು ಚೆಂಡೋ ಒಂದು ರೈಲೋ ಮಾತ್ರ. ಬದಲಾದ ಭಾಗವನ್ನಷ್ಟೇ ತಿರುಗಿ ಬರೆಯುವ ಕೆಲಸ ಗಣಕದ ಪ್ರೊಸೆಸರಿಗೆ ಏನೇನೂ ಭಾರವಲ್ಲ.

ಗೆರೆ, ವೃತ್ತ, ಬಣ್ಣಗಳಿಗೆ ಬೇಕಾದ ಸಿದ್ಧ ಆಜ್ಞೆಗಳ ಸಂಗ್ರಹವನ್ನು ಗ್ರಾಫಿಕ್ಸ್ ಲೈಬ್ರರಿ ಎನ್ನುವರು. ಮೊದಲಿಗೆ ಪೈಥಾನ್ ಭಾಷೆಯೊಡನೆ ತಾನಾಗಿಯೇ ಬರುವ ‘ಟರ್ಟಲ್’ ಉತ್ತಮ. ಇದರ ಆಮೆಯು 1967ರಲ್ಲಿ ಮಕ್ಕಳಿಗಾಗಿ ಹುಟ್ಟಿದ ಲೋಗೋ ಭಾಷೆಯ ವಂಶದ್ದು. ಆಟಗಳನ್ನು ರಚಿಸುವ ಆಸೆಯುಳ್ಳವರಿಗೆ ಪೈಗೇಮ್; ಅದರ ಸಾಮಾನ್ಯ ಚಿತ್ರಗಳನ್ನೂ ಪ್ರೊಸೆಸರೇ ಬರೆಯುವುದು. ಓಪನ್‌ಜಿಎಲ್ ಅವಲಂಬಿಸಿದ ಲೈಬ್ರರಿಗಳನ್ನು ಕಾರ್ಡಿಲ್ಲದೆ ನಡೆಸಲು ಲಿನಕ್ಸಿನಲ್ಲಿ ಎಲ್‌ಎಲ್‌ವಿಎಂಪೈಪ್ ಎಂಬ ಉಪಾಯವುಂಟು. ಆದರೆ ಮೂರು ಆಯಾಮಗಳ ದೊಡ್ಡ ದೃಶ್ಯಗಳಲ್ಲಿ ಅದು ಬಹಳ ನಿಧಾನ. ಅದು ಕಾಲೇಜಿಗೆ ಹೋದ ಮೇಲಿನ ಮಾತು.

ವೇಗವೊಂದನ್ನೇ ನೋಡಿ ಆರಿಸಿದ ನಾವೂ ಒಮ್ಮೆ ಎಡವಿದೆವು. ಅದೇ ಹುಡುಗಿಯು ಶಿವಮೊಗ್ಗದಿಂದ ಭದ್ರಾವತಿಗೆ ಓಡುವ ರೈಲನ್ನು ಬರೆದಳು. ರೈಲೇನೋ ಸರಾಗವಾಗಿ ಓಡಿತು. ನಿಲ್ದಾಣಗಳ ಹೆಸರುಗಳಲ್ಲಿ ಮಾತ್ರ ‘ಗ್ಗ’ವೂ ‘ದ್ರಾ’ವೂ ಒಡೆದು, ಒತ್ತುಗಳು ಕೆಳಗಿಳಿಯದೆ ಪಕ್ಕದಲ್ಲೇ ನಿಂತವು. ಕಾಗುಣಿತ ತಪ್ಪಿದೆಯೆಂದು ನಾವು ಗದರಿದೆವು. ಪಾಪ, ಮಗುವು ಹತ್ತಾರು ಸಲ ತಿದ್ದಿ ಬರೆಯಿತು. ತಪ್ಪು ಅವಳದಾಗಿರಲಿಲ್ಲ. ನಾವು ಆರಿಸಿದ್ದ ಲೈಬ್ರರಿಯ ಹಳೆಯ ಆವೃತ್ತಿಯು ಅಕ್ಷರಗಳನ್ನು ಒಂದರ ಪಕ್ಕಕ್ಕೊಂದು ಇಡಬಲ್ಲುದೇ ಹೊರತು ಕೂಡಿಸಲರಿಯದು. ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್ ಮೊದಲಾದ ಸಾಧನಗಳು ಮಾಡುವುವು; ಬ್ರೌಸರಿನ ಕ್ಯಾನ್‌ವಾಸಿನಲ್ಲಿಯೂ, ಪ್ಯಾಂಗೋವಿನೊಡನೆ ಬಳಸುವ ಕೈರೋದಲ್ಲಿಯೂ ಕನ್ನಡವು ಸರಿಯಾಗಿ ಮೂಡುವುದು.

ಆದುದರಿಂದ ಈಗ ಯಾವ ಲೈಬ್ರರಿಯನ್ನು ತಂದರೂ ಮೊದಲು ಅದರಲ್ಲಿ ಈ ಎರಡು ಊರುಗಳ ಹೆಸರನ್ನು ಬರೆಯಿಸಿ ನೋಡುತ್ತೇವೆ. ಆ ಹುಡುಗಿಯ ರೈಲನ್ನು ಕ್ಯಾನ್‌ವಾಸಿಗೆ ಬದಲಿಸಿ ಬರೆಯಲು ಎರಡು ವಾರ ಹಿಡಿಯಿತು. ಈಗ ಅದು ಅವಳ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿಯೇ ಓಡುತ್ತದೆ.