ತಾಯಿ ಕಾರ್ಡಿನಲ್ಲಿ ‘ನೆಗೆಟಿವ್’ ಅಂತಿದ್ದರೆ

ನನ್ನಿವಾಳದ ಅಕ್ಕತಂಗಿಯರೇ, ನಿಮ್ಮ ತಾಯಿ ಕಾರ್ಡಿನಲ್ಲಿ ರಕ್ತದ ಗುಂಪಿನ ಮುಂದೆ ‘ನೆಗೆಟಿವ್’ ಅಂತಿದ್ದರೆ ಹೆದರಬೇಡಿ. ಸುಮ್ಮನೆಯೂ ಕೂರಬೇಡಿ. ಗಂಡನ ರಕ್ತದ ಗುಂಪನ್ನೂ ನೋಡಿಸಿ.

ಗಂಡ ಪಾಸಿಟಿವ್ ಆಗಿದ್ದರೆ ಮಗುವೂ ಪಾಸಿಟಿವ್ ಆಗಿರಬಹುದು. ಹೆರಿಗೆಯಲ್ಲೋ ಗರ್ಭಪಾತದಲ್ಲೋ ಅದರ ರಕ್ತ ತುಸು ತಾಯಿಯ ಮೈ ಸೇರಿದರೆ, ಆಕೆಯ ರೋಗನಿರೋಧಕ ವ್ಯವಸ್ಥೆ ಅದನ್ನು ಹೊರಗಿನದೆಂದು ಎಣಿಸಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಚೊಚ್ಚಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಮುಂದಿನ ಕೂಸೂ ಪಾಸಿಟಿವ್ ಆದರೆ ಆ ಪ್ರತಿಕಾಯಗಳಿಂದ ಅದಕ್ಕೆ ರಕ್ತಹೀನತೆ, ಜೋರು ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು ಬರಬಹುದು. ಇದನ್ನು ಸೊಸೆಯ ಕಾಲ್ಗುಣ ಅನ್ನುವವರ ಮಾತು ಖಂಡಿತ ಕೇಳಬೇಡಿ.

ಆ ಪ್ರತಿಕಾಯ ಇದೆಯೇ ಎಂದು ತೋರಿಸುವುದು ಐಸಿಟಿ ಎಂಬ ರಕ್ತಪರೀಕ್ಷೆ. ಇಲ್ಲವೆಂದಾದರೆ 28ನೇ ವಾರದ ಹೊತ್ತಿಗೆ, ಅದು ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು; ಹುಟ್ಟಿದ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದಾಗಲೂ ಇದನ್ನು ವೈದ್ಯರಲ್ಲಿ ಕೇಳಲೇಬೇಕು, ಅಲ್ಲೇ ಬಹಳ ಜನ ಮರೆಯುವುದು.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅದಕ್ಕೆಂದು ಚಳ್ಳಕೆರೆಗೆ ಹೋಗುವಾಗ ಕಾರ್ಡು ಮರೆಯಬೇಡಿ. ‘ಡಾಕ್ಟ್ರೇ, ನನಗೆ ಐಸಿಟಿ ಮಾಡಿದ್ದೀರಾ?’ ಅಂತ ಬಾಯಿಬಿಟ್ಟು ಕೇಳಿ.