ಇಂದಿನ ಧಮ್ಮ ಚಿಂತನೆ: ಬಲಗಡೆ ಕಪ್ಪು, ಎಡಗಡೆ ಬಿಳುಪು



ಈ ಸಲ ವಾಸೆಟ್ಠ ಸುತ್ತದ ಬಗ್ಗೆ ಬರೆಯುವ ಸರದಿ ನನ್ನದು. ಶನಿವಾರ ರಾತ್ರಿ ಪುಸ್ತಕ ತೆರೆದು ಕುಳಿತಿದ್ದೆ. ಪಿಯುಸಿ ಓದುವ ಮಗ ಲ್ಯಾಪ್‌ಟಾಪ್ ತಂದು, "ಅಮ್ಮ, ಇದೊಂದು ನೋಡು, ಆಮೇಲೆ ಬರಿ" ಅಂದ. ಹಳೆಯ ಅಮೆರಿಕನ್ ಧಾರಾವಾಹಿ, 'ಸ್ಟಾರ್ ಟ್ರೆಕ್'. ಎಂಟರ್‌ಪ್ರೈಸ್ ಎಂಬ ಆಕಾಶನೌಕೆ ನಕ್ಷತ್ರಗಳ ನಡುವೆ ಸಂಚರಿಸುವ ಕಥೆ. ಅವನು ತೋರಿಸಿದ ಕಂತಿನ ಹೆಸರು 'ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್'. ಅದು ಮೊದಲು ಪ್ರಸಾರವಾದದ್ದು 1969ರ ಜನವರಿ 10ರಂದು. ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಗಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಕದ್ದ ಸಣ್ಣ ನೌಕೆಯೊಂದರಲ್ಲಿ ಲೋಕೈ ಎಂಬುವನು ಸಿಕ್ಕುತ್ತಾನೆ. ಅವನ ಮುಖ ಮೂಗಿನ ನೇರಕ್ಕೆ ಸೀಳಿದಂತೆ ಅರ್ಧ ಕಪ್ಪು, ಅರ್ಧ ಬಿಳುಪು. ಅವನನ್ನು ಬೆನ್ನಟ್ಟಿಕೊಂಡು ಬೀಲ್ ಎಂಬ ಅಧಿಕಾರಿ ಬರುತ್ತಾನೆ. ಅವನದೂ ಹಾಗೆಯೇ ಇಬ್ಬಣ್ಣದ ಮುಖ. ಇಬ್ಬರೂ ಚೆರಾನ್ ಗ್ರಹದವರು. ಈ ಬೆನ್ನಟ್ಟುವಿಕೆ ಶುರುವಾಗಿ 50,000 ವರ್ಷವಂತೆ. ಲೋಕೈ ಕೀಳು ಕುಲದವನು ಎನ್ನುತ್ತಾನೆ ಬೀಲ್. ನೌಕೆಯ ಕ್ಯಾಪ್ಟನ್ ಕರ್ಕ್‌ಗೆ ಅರ್ಥವಾಗುವುದಿಲ್ಲ, ಇಬ್ಬರೂ ಒಂದೇ ಥರ ಇದ್ದೀರಲ್ಲ ಅನ್ನಿಸುತ್ತದೆ. ಬೀಲ್‌ಗೆ ಸಿಟ್ಟು. ಕಣ್ಣು ಕಾಣಿಸುವುದಿಲ್ಲವೇ, ನನಗೆ ಬಲಗಡೆ ಕಪ್ಪು, ಅವನಿಗೆ ಬಲಗಡೆ ಬಿಳುಪು ಎನ್ನುತ್ತಾನೆ.

ಮಗ ಜೋರಾಗಿ ನಕ್ಕ. ಅಲ್ಲಿಯವರೆಗೆ ನಾನೂ ಆ ವ್ಯತ್ಯಾಸ ಗಮನಿಸಿರಲಿಲ್ಲ, ನಿಜ. ಆದರೆ ನನಗೆ ನಗು ಬರಲಿಲ್ಲ.

ವಾಸೆಟ್ಠ ಸುತ್ತದಲ್ಲಿ ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ತರುಣರು ಜಗಳ ತಂದುಕೊಳ್ಳುತ್ತಾರೆ: ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡತೆಯಿಂದಲೋ? ಭಗವಾನರು ಒಮ್ಮೆಲೇ ತೀರ್ಪು ಕೊಡುವುದಿಲ್ಲ. ಒಳ್ಳೆಯ ಮೇಷ್ಟ್ರ ಹಾಗೆ ಹುಲ್ಲು, ಮರ, ಹುಳು, ನಾಲ್ಕು ಕಾಲಿನ ಪ್ರಾಣಿ, ಹಾವು, ಮೀನು, ಹಕ್ಕಿ ಎಂದು ಒಂದೊಂದನ್ನೇ ತೋರಿಸುತ್ತಾ ಹೋಗುತ್ತಾರೆ. ಇವುಗಳಲ್ಲಿ ಜಾತಿಜಾತಿಗೆ ಹುಟ್ಟಿನ ಗುರುತು ಬೇರೆ. ಮನುಷ್ಯರಲ್ಲಿ? ಕೂದಲು, ಕಿವಿ, ಕಣ್ಣು, ಬಾಯಿ, ಮೂಗು, ತುಟಿ, ಕೊನೆಗೆ ಬಣ್ಣ ಮತ್ತು ದನಿಯವರೆಗೂ ಹುಡುಕಿದರೂ ಅಂಥ ಗುರುತಿಲ್ಲ. ಇರುವ ಭೇದ ಬರೀ ಕರೆಯುವ ಹೆಸರಿನದು.

ಗುರುತು ಇಲ್ಲ ಎಂದಮೇಲೆ ಗುರುತು ಹಾಕಬೇಕಾಗುತ್ತದೆ. ನನಗೆ ಮೊದಲು ನೇಮಕವಾದ ಶಾಲೆಯ ಸ್ಟಾಫ್ ರೂಮಿನಲ್ಲಿ ಆರು ಸ್ಟೀಲ್ ಲೋಟಗಳಿದ್ದವು. ನೋಡಲು ಆರೂ ಒಂದೇ. ಎಂಟು ತಿಂಗಳಾದ ಮೇಲೆ ಲೋಟ ತೊಳೆಯುತ್ತಿದ್ದ ಹುಡುಗಿ, "ಮಿಸ್, ನಿಮ್ ಲೋಟದ ತಳದಾಗೆ ಕೆಂಪು ಬಣ್ಣ ಹಚ್ಚವ್ರೆ" ಅಂದಳು. ಹಚ್ಚಿಸಿದ್ದು ಹೆಡ್‌ಮೇಷ್ಟ್ರು. ಆ ಗುರುತು ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಕಂತಿಗೆ ಬರುತ್ತೇನೆ. ಕರ್ಕ್ ಎದುರು ಇಬ್ಬರ ವಾಗ್ವಾದ ನಡೆಯುತ್ತದೆ. ನಿಮ್ಮವರು ನಮ್ಮನ್ನು ಮನೆಗಳಿಂದ ಎಳೆದು ದನಗಳಂತೆ ಅಟ್ಟಿ ಗುಲಾಮರಾಗಿ ಮಾರಿದಿರಿ ಎನ್ನುತ್ತಾನೆ ಲೋಕೈ. ನಿಮಗೆ ವಿದ್ಯೆ ಕೊಟ್ಟೆವಲ್ಲ ಎನ್ನುತ್ತಾನೆ ಬೀಲ್. ಹೌದು, ಧಣಿಗಳ ಚಾಕರಿ ಮಾಡಲು ಎಷ್ಟು ಬೇಕೋ ಅಷ್ಟು ವಿದ್ಯೆ, ಎನ್ನುತ್ತಾನೆ ಲೋಕೈ. ಶಿಕ್ಷಕಿಯಾಗಿ ಈ ಮಾತಿಗೆ ಎದ್ದು ಕುಳಿತೆ. ಇನ್ನೊಂದು ದೃಶ್ಯದಲ್ಲಿ ನೌಕೆಯ ತರುಣರು, ಭೂಮಿಯಲ್ಲೂ ಇಂಥ ದಬ್ಬಾಳಿಕೆ ಇತ್ತಂತೆ, ಇಪ್ಪತ್ತನೆಯ ಶತಮಾನದಲ್ಲಿ, ಚರಿತ್ರೆಯ ಪಾಠದಲ್ಲಿ ಓದಿದ್ದೇವೆ ಎನ್ನುತ್ತಾರೆ. ನನ್ನ ತರಗತಿಯ ಮಕ್ಕಳೂ "ಈಗೆಲ್ಲಿದೆ ಮಿಸ್ ಜಾತಿ?" ಅನ್ನುವುದುಂಟು. ಹಾಗೆ ಕೇಳುವವರು ಯಾವ ಬೀದಿಯ ಮಕ್ಕಳು ಎಂದು ನಿಮಗೆ ಹೇಳಬೇಕಿಲ್ಲ.

ಕೊನೆಗೆ ನೌಕೆ ಚೆರಾನ್ ತಲುಪುತ್ತದೆ. ಅಲ್ಲಿ ಮನುಷ್ಯರೇ ಉಳಿದಿಲ್ಲ. ಎರಡೂ ಕಡೆಯವರು ಕೊಂದುಕೊಂಡು, ಹೂಳುವವರೂ ಇಲ್ಲದೆ ಹೆಣಗಳು ಬಿದ್ದಿವೆ. ಕೇಳಿದ ಮೇಲೂ ಇವರಿಬ್ಬರು ನಿಲ್ಲುವುದಿಲ್ಲ. ನೌಕೆಯ ಓಣಿಗಳಲ್ಲಿ ಒಬ್ಬ ಓಡುತ್ತಾನೆ, ಇನ್ನೊಬ್ಬ ಅಟ್ಟುತ್ತಾನೆ. ಅದರ ಮೇಲೆಯೇ ಉರಿಯುವ ನಗರಗಳ ಚಿತ್ರ. ಇಬ್ಬರೂ ಆ ಸತ್ತ ನೆಲಕ್ಕೇ ಇಳಿದುಹೋಗುತ್ತಾರೆ. ಇವರಲ್ಲಿ ಯಾವಾಗಲೂ ಇದ್ದದ್ದು ದ್ವೇಷವೊಂದೇ ಏನು ಎಂದು ಉಹುರಾ ಕೇಳುತ್ತಾಳೆ. ಆ ಪಾತ್ರ ಮಾಡಿದ ನಿಷೆಲ್ ನಿಕೋಲ್ಸ್ ಕಪ್ಪು ನಟಿ. ಇಲ್ಲ, ಅವರಿಗೆ ಉಳಿದಿರುವುದು ಅದೊಂದೇ ಎನ್ನುತ್ತಾನೆ ಕರ್ಕ್.

"ಇಬ್ಬರದ್ದೂ ತಪ್ಪಲ್ವಾಮ್ಮ?" ಅಂದ ಮಗ.

ನನಗೆ ಸಿಟ್ಟು ಬಂತು. ಮಾರಿದವನನ್ನೂ ಮಾರಾಟವಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನೌಕೆಯಲ್ಲಿ ನಿಂತು ನೋಡುವವರಿಗೆ ಸುಲಭ. ವೈರದ ಬಗ್ಗೆ ಧಮ್ಮಪದದ ಯಮಕ ವಗ್ಗದಲ್ಲಿರುವ ಗಾಥೆ ನಮಗೆಲ್ಲ ಬಾಯಿಪಾಠ. ಅದನ್ನು ನಮಗೇ ಬೋಧಿಸಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಲೋಕೈ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳೆಂದು ಕಂತು ತೋರಿಸುವುದಿಲ್ಲ. ಆದರೂ ಕೊನೆಗೆ ಅವನಿಗೂ ಬೀಲ್‌ಗೂ ಒಂದೇ ಷರಾ ಬರೆದುಬಿಡುತ್ತದೆ. ಇದು ಆ ಕಥೆಯ ದೋಷ ಎಂದೇ ನನ್ನ ಅಭಿಪ್ರಾಯ. ಮಗನಿಗೂ ಹಾಗೇ ಹೇಳಿದೆ.

ಹೇಳಿ ಮಲಗಿದೆ, ನಿದ್ದೆ ಬರಲಿಲ್ಲ. ಆ ಓಟ ಕಣ್ಣಮುಂದೆಯೇ ಇತ್ತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು ಮನುಸ್ಮೃತಿಯನ್ನು, ಮನುಷ್ಯರನ್ನಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರನ್ನು ಆ ಧರ್ಮದಿಂದ ಹೊರಗೆ ಕರೆತಂದರು, ಕೇಳಬೇಕಾದ ಲೆಕ್ಕವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಲೋಕೈಗೆ ಓಡುವುದೊಂದೇ ದಾರಿ ಗೊತ್ತಿತ್ತು. ನಾನು ದೀಕ್ಷೆ ತೆಗೆದುಕೊಂಡು ಹನ್ನೊಂದು ವರ್ಷವಾಯಿತು. ಲೋಟದ ವಿಷಯಕ್ಕೆ ಇಪ್ಪತ್ತೊಂದು. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಆ ಹೆಡ್‌ಮೇಷ್ಟ್ರು ಕಂಡರು. ತುಂಬಾ ವಯಸ್ಸಾಗಿದೆ, ಕೈಯಲ್ಲಿ ಕೋಲು. "ಚೆನ್ನಾಗಿದ್ದೀರಾ ಮೇಡಂ?" ಅಂದರು. ನಾನು ಕೇಳಿಸದವಳಂತೆ ಬೇರೆ ಬಸ್ಸು ಹತ್ತಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ. ನನ್ನ ಓಟ ಅದು. ದ್ವೇಷ ಬಿಟ್ಟಿದ್ದೇನೆ ಎಂದು ಇಷ್ಟು ದಿನ ಇದನ್ನೇ ಅಂದುಕೊಂಡಿದ್ದೆ.

ಬೆಳಿಗ್ಗೆ ಮಗನಿಗೆ ಹೇಳಿದೆ, ಬರುವ ಭಾನುವಾರ ಆ ಊರಿಗೆ ಹೋಗಿ ಅವರ ಮನೆಯಲ್ಲಿ ಕೂತು ಲೋಟದ ವಿಷಯ ಕೇಳುತ್ತೇನೆ ಎಂದು.

"ಅವರು ನೆನಪಿಲ್ಲ ಅಂದ್ರೆ?"

"ನನಗೆ ನೆನಪಿದೆ ಅಂತೀನಿ."

"ಟೀ ಕೊಟ್ರೆ?"

ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ. ಗುಂಪಿನ ಹಿರಿಯರು ಏನನ್ನುತ್ತೀರಿ?

ಭವತು ಸಬ್ಬ ಮಂಗಲಂ. ಜೈಭೀಮ್.